ಮೊಣಕಾಲು ಬಗ್ಗಿದ ಪ್ರಸಂಗ

ಎಲ್ಲರಿಗೂ ಬರುವ ವಿದ್ಯೆಯಲ್ಲಿ ಮಾತ್ರ ಯಾರೂ ಪ್ರವೀಣರಾಗಬಾರದು ಎಂಬುದು ನಾನು ಬದುಕಿನಲ್ಲಿ ಕಂಡುಕೊಂಡ ಸತ್ಯ. ಹಾಡುವವರಿಗೆ ಮರ್ಯಾದೆ ಇದೆ, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಬಾಯಿ ತೆರೆದರೆ ಪಕ್ಕದ ಮನೆಯ ನಾಯಿ ಎದ್ದು ಹೋಗುತ್ತದೆ. ಈಜುವವರಿಗೆ ಮರ್ಯಾದೆ ಇದೆ, ಯಾಕೆಂದರೆ ಉಳಿದವರು ಮುಳುಗುತ್ತಾರೆ. ನಾನು ರಾಷ್ಟ್ರಮಟ್ಟದಲ್ಲಿ ಬೆಳ್ಳಿ ಪದಕ ಗೆದ್ದದ್ದು ನಡಿಗೆಯಲ್ಲಿ. ನಡೆಯಲು ಬಾರದವರು ಯಾರಿದ್ದಾರೆ? ಹಾಗಾಗಿ ಈ ಸಂಗತಿ ಹೇಳಿದಾಗಲೆಲ್ಲ ಎದುರಿಗಿದ್ದವರ ಮುಖದಲ್ಲಿ, ಊಟ ಮಾಡಿದ್ದಕ್ಕೆ ಯಾರಿಗೋ ಸನ್ಮಾನವಾಯಿತಂತೆ ಎಂದು ಕೇಳಿದಾಗ ಬರುವಂಥ ಭಾವ ಬರುತ್ತದೆ. ನನ್ನ ತವರು ಯಲ್ಲಾಪುರ ತಾಲ್ಲೂಕಿನ ಇಡಗುಂದಿ. ಪದಕ ಹಿಡಿದುಕೊಂಡು ಊರಿಗೆ ಹೋದಾಗ ಅಲ್ಲಿಯ ಹಿರಿಯರೊಬ್ಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನಡದ್ದಕ್ಕೆ ಪದಕ ಕೊಡ್ತ ಹೇಳಿ ಮೊದ್ಲೇ ಗೊತ್ತಿದ್ದಿದ್ರೆ ನಮ್ಮನೆ ಆಯಿಗೆ ಒಂದು ಪೆಟಾರಿ ತುಂಬ ಬತ್ತಿತ್ತು ತಂಗಿ. ಯಲ್ಲಾಪುರದ ಸಂತೆಗೆ ನಡದೇ ಹೋಗಿ ನಡದೇ ಬತ್ತಿತ್ತು" ಎಂದು ಹೇಳಿ ನನ್ನ ಕೈಗೇ ವಾಪಸು ಕೊಟ್ಟರು.

ಸ್ಪರ್ಧೆಯ ನಡಿಗೆ ಎಂದರೆ ಸಂತೆಗೆ ಹೋಗುವ ನಡಿಗೆಯಲ್ಲ ಎಂದು ಅಂದಿನಿಂದ ಇಂದಿನವರೆಗೆ ವಿವರಿಸುತ್ತಲೇ ಬಂದಿದ್ದೇನೆ. ಅದಕ್ಕೆ ಎರಡು ನಿಯಮ. ಒಂದು, ನೋಡುವವರ ಕಣ್ಣಿಗೆ ಯಾವಾಗಲೂ ಒಂದು ಪಾದ ನೆಲದ ಮೇಲೆ ಇರಬೇಕು. ಎರಡೂ ಎದ್ದರೆ ಅದು ಓಟ. ಇನ್ನೊಂದು, ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ಮೈ ಅದರ ಮೇಲೆ ನೆಟ್ಟಗೆ ಬರುವವರೆಗೂ ಮೊಣಕಾಲು ಬಗ್ಗಬಾರದು. ಇಷ್ಟೇ. ಕೇಳಲು ಸುಲಭ. ಆದರೆ ಈ ಎರಡನ್ನೂ ಪಾಲಿಸಿಕೊಂಡು ಜೋರಾಗಿ ಹೋಗಿ ನೋಡಿ. ಮೊಣಕಾಲು ಬಗ್ಗದ ತಪ್ಪಿಗೆ ಸೊಂಟ ಶಿಕ್ಷೆ ಅನುಭವಿಸುತ್ತದೆ. ಅದು ಎಡಕ್ಕೂ ಬಲಕ್ಕೂ ಒನೆದಾಡತೊಡಗುತ್ತದೆ. ನಾನು ಹುಡುಗಿಯಾಗಿದ್ದಾಗ ಹೆದ್ದಾರಿಯ ಬದಿಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ಲಾರಿಯವರು ಹಾರ್ನ್ ಬಾರಿಸಿ ನಗುತ್ತಿದ್ದರು. ಒಬ್ಬ ಪುಣ್ಯಾತ್ಮರು ಮಾತ್ರ ನಗದೆ ಬೈಕು ನಿಲ್ಲಿಸಿ, "ಹೊಟ್ಟೆ ಸಮಾ ಇಲ್ಯಾ ತಂಗಿ? ಮನೆವರೆಗೆ ಬಿಡ್ಲಾ?" ಎಂದು ಕೇಳಿದರು. ನಕ್ಕವರನ್ನು ಕ್ಷಮಿಸಿದ್ದೇನೆ; ಇವರನ್ನು ಕ್ಷಮಿಸುವುದು ಇನ್ನೂ ಸಾಧ್ಯವಾಗಿಲ್ಲ.

ಆ ಪದಕದ ಬಲದಿಂದ ಕ್ರೀಡಾ ಕೋಟಾದಲ್ಲಿ ನನಗೆ ಸರಕಾರಿ ಕೆಲಸ ಸಿಕ್ಕಿತು. ಸಿದ್ದಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆ. ನಡೆದು ಗಳಿಸಿದ ಕೆಲಸವನ್ನು ಅಂದಿನಿಂದ ಕೂತು ಮಾಡುತ್ತಿದ್ದೇನೆ. ಕೂತು ಕೂತು ಮೈ ಬಂತು, ಮೊಣಕಾಲಿಗೆ ನೋವು ಬಂತು, ಬಡ್ತಿಯೂ ಒಮ್ಮೆ ಬಂತು. ನಮ್ಮ ಯಜಮಾನರು ಸುಬ್ರಾಯರದ್ದು ಇದೇ ಊರಲ್ಲಿ ಗಡಿಯಾರ ರಿಪೇರಿ ಅಂಗಡಿ. ಮೊಬೈಲು ಬಂದ ಮೇಲೆ ಗಡಿಯಾರ ಕೇಳುವವರಿಲ್ಲದೆ ಇಡೀ ಊರಿನಲ್ಲಿ ಸಮಯ ಧಾರಾಳವಾಗಿ ಇರುವುದು ಅವರ ಹತ್ತಿರ ಮಾತ್ರ. ಹೀಗೆ ನಾವಿಬ್ಬರೂ ನಮ್ಮ ಪಾಡಿಗೆ ಇದ್ದಾಗ, ಒಂದು ಮಧ್ಯಾಹ್ನ ನನ್ನ ಮೇಜಿನ ಎದುರಿಗೆ ಒಬ್ಬ ತೆಳ್ಳನೆಯ ಹುಡುಗಿ ಬಂದು ನಿಂತಳು. ಹೆಗಲಿಗೆ ಚೀಲ, ಮುಖದಲ್ಲಿ ಬೆವರು, ಕೈಯಲ್ಲಿ ಪೆನ್ನು.

"ನಮಸ್ಕಾರ್ರಿ ಮೇಡಂ. ನಾ ನೇತ್ರಾವತಿ ಅಂತ್ರಿ. ದಾಸನಕೊಪ್ಪದಾಕಿ. ಶಿರಸಿ ಕಾಲೇಜಿನಾಗ ಪತ್ರಿಕೋದ್ಯಮ ಓದಾಕತ್ತೇನ್ರಿ. ನಮಗ ಮೆಚ್ಚಿನ ಕ್ರೀಡಾಪಟು ಒಬ್ರ ಬಗ್ಗೆ ವ್ಯಕ್ತಿಚಿತ್ರ ಬರೀರಿ ಅಂದಾರ್ರಿ. ಎಲ್ರೂ ಟಿವಿಯಾಗ ಬರೋರ್ನ ಬರ್ಯಾಕತ್ತಾರ. ನಾ ಹಳೇ ಪೇಪರಿನಾಗ ನಿಮ್ಮ ಪದಕದ ಸುದ್ದಿ ನೋಡಿ, ನಿಮ್ಮನ್ನ ಬರೀಬೇಕಂತ ಬಂದೇನ್ರಿ."

ಕಚೇರಿಯಲ್ಲಿ ಎಲ್ಲರ ಕೈಯೂ ನಿಂತುಹೋಯಿತು. ಇಷ್ಟು ವರ್ಷ ಜೊತೆಗೆ ಕೂತವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ನನಗೆ ಒಳಗೊಳಗೇ ಎಷ್ಟು ಸಂತೋಷವಾಯಿತೆಂದರೆ, ಅದನ್ನು ಮುಚ್ಚಿಕೊಳ್ಳಲು ಮುಖ ಗಂಟು ಹಾಕಿಕೊಂಡು, "ಆಫೀಸಿನ ಹೊತ್ತಲ್ಲಿ ಇದೆಲ್ಲ ಆಗುವುದಿಲ್ಲ, ಭಾನುವಾರ ಮನೆಗೆ ಬಾ" ಎಂದೆ. ಎಂದವಳು ಮನೆಗೆ ಹೋದ ಕೂಡಲೇ ಪದಕ ಹುಡುಕಿ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅದು ಬೆಳ್ಳಿಯದಲ್ಲ, ಬೆಳ್ಳಿಯ ಬಣ್ಣದ್ದು ಎಂಬುದು ಅಂದು ಗೊತ್ತಾಯಿತು.

ಭಾನುವಾರ ನೇತ್ರಾ ಎರಡು ಬಸ್ಸು ಬದಲಿಸಿ ಬಂದಳು. ಆದರೆ ಮಾತಿಗೆ ಕೂತ ಮೇಲೆ ತಿಳಿಯಿತು, ಅವಳಿಗೆ ಬೇಕಾದ ಕ್ರೀಡಾಪಟು ನಾನಲ್ಲ ಎಂದು. ನೇತ್ರಾಗೆ ಬೇಕಾಗಿದ್ದದ್ದು ಕಷ್ಟ. "ಬರಿಗಾಲಾಗ ನಡೀತಿದ್ರೇನ್ರಿ?" ಎಂದು ಕೇಳಿದಳು. ಇಲ್ಲ, ನನಗೆ ಎರಡು ಜೊತೆ ಬೂಟಿದ್ದವು, ಅಪ್ಪ ತಂದುಕೊಟ್ಟಿದ್ದ. "ಮನ್ಯಾಗ ಬ್ಯಾಡ ಅಂದಿರಬೇಕಲ್ರೀ?" ಇಲ್ಲ, ಹೋಗಿ ಬಾ ಎಂದಿದ್ದರು, ಸರಿಯಾಗಿ ಹೇಳಬೇಕೆಂದರೆ, ಮನೆಯಲ್ಲಿ ಇಲ್ಲದಿದ್ದರೆ ಗಲಾಟೆ ಕಡಿಮೆ ಎಂದಿದ್ದರು. "ಹಂಗಾದ್ರ ನಡಿಗಿನ ಯಾಕ ಆರಿಸ್ಕೊಂಡ್ರಿ? ಸಣ್ಣಾಕಿ ಇದ್ದಾಗ ಕನಸು ಕಂಡಿದ್ರೇನ್ರಿ?" ಪಾಪ, ಹುಡುಗಿ ಪೆನ್ನು ಎತ್ತಿಕೊಂಡೇ ಕಾಯುತ್ತಿದ್ದಳು. ನಿಜ ಹೇಳಿದೆ. ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕು ಕ್ರೀಡಾಕೂಟಕ್ಕೆ ಓಟದ ಹೆಸರುಗಳೆಲ್ಲ ಭರ್ತಿಯಾಗಿದ್ದವು. ನಡಿಗೆಗೆ ಯಾರೂ ಇರಲಿಲ್ಲ. ನನಗೆ ಯಲ್ಲಾಪುರಕ್ಕೆ ಹೋಗಿ ಐಸ್‌ಕ್ರೀಮ್ ತಿನ್ನಬೇಕಿತ್ತು, ಹೆಸರು ಕೊಟ್ಟೆ. ಸ್ಪರ್ಧೆಗೆ ಬಂದವರು ಮೂವರು, ಬಹುಮಾನ ಮೂರು. ಅವರಲ್ಲಿ ಒಬ್ಬಳು ಅರ್ಧದಲ್ಲಿ ಕೂತಳು, ಇನ್ನೊಬ್ಬಳು ಅವಳನ್ನು ಸಮಾಧಾನ ಮಾಡುತ್ತ ಕೂತಳು. ನಾನು ಮೊದಲು ಬಂದೆ. ಮುಂದೆ ಜಿಲ್ಲೆಗೆ ಹೋಗಿ ಸೋತಾಗ, ಅಲ್ಲಿದ್ದ ಜನ ನನ್ನ ನಡಿಗೆ ನೋಡಿ ನಕ್ಕಾಗ, ಆಗ ಮಾತ್ರ ಹಟ ಬಂತು. ಕನಸು ಎಂಬುದು ನನಗೆ ಇರಲಿಲ್ಲ. ಹಟ ಇತ್ತು.

ನೇತ್ರಾ ಬರೆದುಕೊಂಡಳು. ಬರೆದದ್ದು ಬಹಳ ಸ್ವಲ್ಪ. ಅಷ್ಟರಲ್ಲಿ ನಮ್ಮವರು ಬೆಲ್ಲ ಹಾಕಿದ ಕಷಾಯ ತಂದಿಟ್ಟು, ತಾವೂ ಕುರ್ಚಿ ಎಳೆದುಕೊಂಡರು. ಯಾರೊಡನೆಯೂ ಮನೆಮಾತಿನಲ್ಲೇ, 'ನಾನು' ಎನ್ನಲು 'ಆನು', ಹೆಂಡತಿಗೆ 'ಇದು' ಎಂದೇ ಮಾತಾಡುವುದು ಅವರ ಅಭ್ಯಾಸ. "ಕೂಸೇ, ಇದು ಬರ್ಕ. ಮದ್ವೆಲಿ ಸಪ್ತಪದಿ ಇದ್ದಲಿ, ಆನು ನಾಲ್ಕನೇ ಹೆಜ್ಜೆಲಿ ಇದ್ದಾಗ ಇದು ಏಳೂ ಮುಗ್ಸಿ ತಿರುಗಿ ನೋಡ್ತಾ ಇತ್ತು. ಭಟ್ಟರು ಮಂತ್ರ ನಿಲ್ಸಿ, 'ತಂಗೀ, ಇದರಲ್ಲಿ ಯಾರೂ ಮೊದಲು ಬರಲಾಗ' ಹೇಳಿದ್ರು." ನೇತ್ರಾ ಇದನ್ನು ಮಾತ್ರ ಒಂದಕ್ಷರ ಬಿಡದೆ ಬರೆದುಕೊಂಡಳು. ಅದು ಸುಳ್ಳು. ನಾನು ಐದನೆಯ ಹೆಜ್ಜೆಯಲ್ಲೇ ನಿಂತು ಕಾದಿದ್ದೆ.

ಮುಂದಿನ ಭಾನುವಾರ ಅವಳು ತಂದ ಬರಹದ ಮೊದಲ ಸಾಲು ಹೀಗಿತ್ತು: 'ಕಡುಬಡತನದ ಕಲ್ಲುಮುಳ್ಳುಗಳ ಮೇಲೆ ಬರಿಗಾಲಲ್ಲಿ ಹೆಜ್ಜೆಯಿಟ್ಟ ಕಾನನ ಕುವರಿ.' ಓದಿ ನನಗೆ ಕೂತಲ್ಲೇ ಬೆವರಿತು. ನನ್ನ ಅಪ್ಪ ಬದುಕಿದ್ದು ಇದನ್ನು ಓದಿದ್ದರೆ ಬೂಟಿನ ರಸೀದಿ ಹುಡುಕಿಕೊಂಡು ಕಾಲೇಜಿಗೇ ಹೋಗುತ್ತಿದ್ದ. "ಇದೆಲ್ಲ ಯಾರು ಹೇಳಿದ್ರು ನಿಂಗೆ?" ಎಂದು ಕೇಳಿದೆ. "ಯಾರೂ ಹೇಳಿಲ್ರಿ. ಆದ್ರ ಎಲ್ಲಾ ವ್ಯಕ್ತಿಚಿತ್ರದಾಗೂ ಹಿಂಗ ಇರ್ತೈತ್ರಿ" ಎಂದಳು ಮುಗ್ಧವಾಗಿ. ನಾನು ಪೆನ್ನು ಕಿತ್ತುಕೊಂಡು ಕುವರಿಯನ್ನು ಹೊಡೆದುಹಾಕಿದೆ. "ನೋಡು ನೇತ್ರಾ, ನನ್ನ ಬಗ್ಗೆ ಬರೆಯೂದಾದ್ರೆ ಇದ್ದದ್ದು ಇದ್ದ ಹಾಗೆ ಬರಿ. ಒಂದು ಸುಳ್ಳು ಇದ್ರೂ ನಾನು ಒಪ್ಪೂದಿಲ್ಲ. ಬರೆಯೂಕೆ ಎಂತದೂ ಇಲ್ಲ ಅನ್ನಿಸಿದ್ರೆ ಎಂತದೂ ಇಲ್ಲ ಅಂತಲೇ ಬರಿ" ಎಂದು ಹೇಳಿದೆ. ಹೇಳುವಾಗ ನನ್ನ ಧ್ವನಿ ನನಗೇ ಬಹಳ ಚೆನ್ನಾಗಿ ಕೇಳಿಸಿತು. ಕಚೇರಿಯಲ್ಲಿ ಇಂಥ ಧ್ವನಿ ಬಳಸಲು ಅವಕಾಶವೇ ಸಿಗುವುದಿಲ್ಲ.

ಆಮೇಲೆ ಎರಡು ವಾರ ಹುಡುಗಿಯ ಪತ್ತೆ ಇಲ್ಲ. ಬಡತನ ಇಲ್ಲದ ಕ್ರೀಡಾಪಟುವನ್ನು ಬಿಟ್ಟು ಬೇರೆ ಯಾರನ್ನೋ ಹಿಡಿದಿರಬೇಕು ಎಂದುಕೊಂಡೆ. ಸಮಾಧಾನವೂ ಆಯಿತು, ಸ್ವಲ್ಪ ಬೇಸರವೂ ಆಯಿತು. ಮೂರನೆಯ ವಾರ ಬಂದಳು. ಬಂದವಳ ಕಣ್ಣು ಕೆಂಪಾಗಿತ್ತು. ಕಷಾಯ ಪೂರ್ತಿ ಕುಡಿದಳು. ಆಮೇಲೆ ಹೇಳಿದಳು. ತರಗತಿಯಲ್ಲಿ ಎಲ್ಲರೂ ತಮ್ಮ ತಮ್ಮ ಕ್ರೀಡಾಪಟುವಿನ ಬಗ್ಗೆ ಎದ್ದು ನಿಂತು ಹೇಳಬೇಕಾಗಿತ್ತಂತೆ. ಇವಳು ನಡಿಗೆ ಎಂದ ಕೂಡಲೇ ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರಂತೆ. ಪ್ರಜ್ವಲ್ ಎಂಬ ಶಿರಸಿ ಪೇಟೆಯ ಹುಡುಗ ಎದ್ದು, ಮೊಬೈಲಿನಲ್ಲಿ ನೋಡಿ ಕಲಿತದ್ದನ್ನು, ಸೊಂಟ ಕುಣಿಸಿಕೊಂಡು ಬಾಗಿಲಿನಿಂದ ಕಪ್ಪುಹಲಗೆಯವರೆಗೆ ನಡೆದು ತೋರಿಸಿದನಂತೆ. ಪಾಠ ಮಾಡುವವರೂ ನಕ್ಕು, "ಓಡುವವರು ಯಾರೂ ಸಿಗಲಿಲ್ವಾ ನಿಂಗೆ?" ಎಂದರಂತೆ.

"ಬೇರೆಯವರನ್ನ ಬರಿ, ಬಿಡು" ಎಂದೆ ನಾನು.

"ಯಾಕ್ ಬಿಡ್ಲಿರಿ?" ನೇತ್ರಾ ಲೋಟ ಕೆಳಗೆ ಕುಕ್ಕಿದಳು. "ಅವರು ನಕ್ಕಾರಂತ ಬಿಟ್ರ, ನೀವು ಅವಾಗ ಬಿಟ್ಟಿರ್ಲಿಲ್ಲಲ್ರಿ! ನಾ ನಿಮ್ಮನ್ನ ಬರಿಯಾಕಿ. ಫೇಲ್ ಮಾಡಿದ್ರೂ ನಿಮ್ಮನ್ನ ಬರಿಯಾಕಿ."

ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೆ ಗದ್ದ ಮಾತ್ರ ಮೇಲೆದ್ದಿತ್ತು. ಆ ಗದ್ದ ನೋಡಿದ್ದೇ ನನ್ನೊಳಗೆ ಎಷ್ಟೋ ಕಾಲದಿಂದ ಫೈಲುಗಳ ಕೆಳಗೆ ಮಲಗಿದ್ದ ಏನೋ ಒಂದು ಎದ್ದು ಕೂತಿತು. "ನಿಮ್ಮ ಕಾಲೇಜಿನ ಕ್ರೀಡಾಕೂಟ ಯಾವಾಗ?" ಎಂದು ಕೇಳಿದೆ. ಮುಂದಿನ ತಿಂಗಳು ಎಂದಳು. "ನಾನು ಬಂದು ನಡೆದು ತೋರಿಸ್ತೇನೆ. ನಕ್ಕವರೂ ಜೊತೆಗೆ ನಡೀಬೇಕು. ನಿಮ್ಮ ದೈಹಿಕ ಶಿಕ್ಷಣದ ಸರ್ ಹತ್ರ ಹೇಳು." ಈ ಮಾತು ನನ್ನ ಬಾಯಿಂದ ಬಂದದ್ದು ಎಂಬುದು ನನಗೆ ಗೊತ್ತಾಗುವ ಮೊದಲೇ ನೇತ್ರಾಗೆ ಗೊತ್ತಾಗಿ, ಅವಳು ನನ್ನ ಕೈ ಹಿಡಿದುಕೊಂಡಾಗಿತ್ತು.

ಅವಳು ಹೋದ ಮೇಲೆ ನಮ್ಮವರು ಕನ್ನಡಕ ತೆಗೆದು ಒರೆಸುತ್ತ, "ದಿನಾ ಸಂಜೆ ಆ ಮೊಣಕಾಲಿಗೆ ಎಣ್ಣೆ ಹಚ್ಚೂದು ಆನು. ಅದು ಎಷ್ಟು ನೆಟ್ಟಗಾಗ್ತು ಹೇಳಿ ನಿಂಗಿಂತ ಯನಗೇ ಚೊಲೋ ಗೊತ್ತಿದ್ದು" ಎಂದರು.

"ಆನು ಹೋಗ್ತೆ ಹೇಳಿದ ಮೇಲೆ ಹೋಗ್ತೆ. ನೀವು ಎಣ್ಣೆ ಸ್ವಲ್ಪ ಜಾಸ್ತಿ ಹಚ್ಚಿ" ಎಂದೆ.

ಮರುದಿನದಿಂದ ಬೆಳಿಗ್ಗೆ ಅಭ್ಯಾಸ ಶುರುವಾಯಿತು. ಸಿದ್ದಾಪುರದಂಥ ಊರಲ್ಲಿ ಒಬ್ಬ ಗುಮಾಸ್ತೆ ಸೊಂಟ ತಿರುವುತ್ತ ರಸ್ತೆಯಲ್ಲಿ ಹೋದರೆ ಏನಾಗುತ್ತದೆ ಎಂದು ನಾನು ಲೆಕ್ಕ ಹಾಕಿರಲಿಲ್ಲ. ಮೊದಲ ದಿನ ಹಾಲಿನವನು ಬೈಕು ನಿಲ್ಲಿಸಿ ಎಲ್ಲಾದರೂ ಬೆಂಕಿ ಬಿದ್ದಿದೆಯೇ ಎಂದು ಕೇಳಿದ. ಎರಡನೆಯ ದಿನ ಹಿಂದಿನ ಬೀದಿಯ ಹೆಂಗಸೊಬ್ಬರು ನಮ್ಮವರ ಅಂಗಡಿಗೆ ಹೋಗಿ ಗುಟ್ಟಾಗಿ, "ಮನೆಯಲ್ಲಿ ಎಂತಾದ್ರೂ ಜಗಳವಾ?" ಎಂದು ವಿಚಾರಿಸಿದರು. ಕಚೇರಿಯಲ್ಲಿ ನಾನು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುವುದನ್ನು ನೋಡಿ, ರಜೆ ಹಾಕಿ ಎಂದು ಎಲ್ಲರೂ ಪ್ರೀತಿಯಿಂದ ಹೇಳಿದರು. ಎಡ ಮೊಣಕಾಲು ಮೊದಲ ವಾರ ನನ್ನ ಮಾತು ಕೇಳಲೇ ಇಲ್ಲ. ಅದಕ್ಕೆ ವೈದ್ಯರ ಹತ್ತಿರ ಬುದ್ಧಿ ಹೇಳಿಸಿದೆ. ಅವರು, ನಡೆಯಬಹುದು, ಅತಿ ಮಾಡಬೇಡಿ ಎಂದರು. ಅತಿ ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ, ಕೇಳಿದರೆ ಹೇಳಿಬಿಡುವ ಸಾಧ್ಯತೆ ಇತ್ತು. ಕಾಲಿಗಿಂತ ಸೊಂಟಕ್ಕೆ ನೆನಪಿನ ಶಕ್ತಿ ಹೆಚ್ಚು ಎಂದು ತಿಳಿದದ್ದು ಆಗ. ಎರಡನೆಯ ವಾರ ಒಂದು ಬೆಳಿಗ್ಗೆ, ಊರ ಹೊರಗಿನ ಇಳಿಜಾರಿನಲ್ಲಿ, ಇದ್ದಕ್ಕಿದ್ದಂತೆ ಅದು ತನ್ನ ಹಳೆಯ ತಾಳ ಹಿಡಿಯಿತು. ತೋಳು, ಸೊಂಟ, ಹಿಮ್ಮಡಿ ಎಲ್ಲ ಒಂದಕ್ಕೊಂದು ಮಾತಾಡಿಕೊಂಡು ಹೋಗತೊಡಗಿದವು. ರಸ್ತೆ ತಾನಾಗಿ ಹಿಂದೆ ಸರಿಯುತ್ತಿತ್ತು. ಅಂದು ನಾನು ಮನೆಗೆ ಬಂದು ಸುಮ್ಮಸುಮ್ಮನೆ ಅತ್ತೆ. ನಮ್ಮವರು ಎಣ್ಣೆ ಬಾಟಲಿ ತಂದರು.

ಸ್ಪರ್ಧೆ ಎಂದ ಮೇಲೆ ತೀರ್ಪುಗಾರರು ಬೇಕು. ನಿಯಮ ಗೊತ್ತಿದ್ದವರು ಶಿರಸಿಯಲ್ಲಿ ಯಾರೂ ಸಿಗದ್ದರಿಂದ ನೇತ್ರಾಗೇ ಕಲಿಸಿದೆ. ಬರೆಯುವವಳಿಗೆ ತಾನು ಬರೆಯುವುದು ಗೊತ್ತಿರಬೇಕು ಎಂಬ ನೆಪವೂ ಇತ್ತು. ಭಾನುವಾರಗಳಲ್ಲಿ ಮನೆಯ ಎದುರಿನ ಖಾಲಿ ಸೈಟಿನಲ್ಲಿ ನಮ್ಮವರನ್ನು ನಡೆಸುತ್ತಿದ್ದೆ. ನೇತ್ರಾ ನೆಲದ ಮೇಲೆ ಬೋರಲು ಮಲಗಿ, ಕೆನ್ನೆ ಮಣ್ಣಿಗೆ ಒತ್ತಿ, ಅವರ ಪಾದಗಳನ್ನೇ ನೋಡುತ್ತಿದ್ದಳು. ಟೇಬಲ್ ಟೆನಿಸ್ ಬ್ಯಾಟಿನ ಒಂದು ಬದಿ ಹೇಗೂ ಕೆಂಪು; ಇನ್ನೊಂದು ಬದಿಗೆ ಹಳದಿ ಕಾಗದ ಅಂಟಿಸಿದೆವು. ಹಳದಿ ತೋರಿಸಿದರೆ ಎಚ್ಚರಿಕೆ, ಕೆಂಪು ತೋರಿಸಿದರೆ ಹೊರಗೆ. ದೊಡ್ಡ ಸ್ಪರ್ಧೆಗಳಲ್ಲಿ ಹಲವು ತೀರ್ಪುಗಾರರು ಇರುತ್ತಾರೆ, ಇಲ್ಲಿ ಇವಳೊಬ್ಬಳೇ. ಮೊದಮೊದಲು ಕೆಂಪು ತೋರಿಸಲು ಹುಡುಗಿಗೆ ಸಂಕೋಚ. "ಹಿರೇರು ಅದಾರ್ರಿ, ಹೆಂಗ್ ತೋರಿಸ್ಲಿ?" ಎನ್ನುತ್ತಿದ್ದಳು. "ಪಾದ ನೋಡಬೇಕು, ಮುಖ ನೋಡಬಾರದು. ಯಾರದೇ ಪಾದ ಆದ್ರೂ ತೋರಿಸಬೇಕು" ಎಂದು ಗದರಿಸಿದೆ. ಆಮೇಲೆ ನಮ್ಮವರಿಗೆ ಒಂದೇ ಬೆಳಿಗ್ಗೆ ಎಷ್ಟು ಸಲ ಕೆಂಪು ಬಿತ್ತೆಂದರೆ, ಅವರು ಅಂಗಡಿಗೆ ಹೋಗುವಾಗಲೂ ಹಿಂದೆ ತಿರುಗಿ ನೋಡಿಕೊಂಡು ನಡೆಯತೊಡಗಿದರು.

ಕ್ರೀಡಾಕೂಟದ ದಿನ ನಾನೂ ನಮ್ಮವರೂ ಬೆಳಗಿನ ಬಸ್ಸಿಗೆ ಶಿರಸಿಗೆ ಹೋದೆವು. ಕಾಲೇಜಿನ ಮೈದಾನದ ತುಂಬ ಹುಡುಗರು. ದೈಹಿಕ ಶಿಕ್ಷಣದ ನಿರ್ದೇಶಕರು ಬಹಳ ಸಜ್ಜನರು. ಮೈಕಿನಲ್ಲಿ ನನ್ನನ್ನು ಹೊಗಳಿ ಹೊಗಳಿ, ನಾನು ಪೆವಿಲಿಯನ್ನಿನಲ್ಲಿ ಕೂತು ಬಹುಮಾನ ಹಂಚಲು ಬಂದವಳೆಂದು ಎಲ್ಲರೂ ತಿಳಿಯುವಂತೆ ಮಾಡಿದರು. ನಾನು ಸೀರೆ ಬಿಟ್ಟು ಟ್ರ್ಯಾಕ್ ಪ್ಯಾಂಟಿನಲ್ಲಿ ಇಳಿದದ್ದೇ ಒಂದು ಅಲೆ ನಗು ಬಂತು. ಬೆಚ್ಚಗಾಗಲೆಂದು ನಾಲ್ಕು ಹೆಜ್ಜೆ ನಡೆದೆ. ಆಗ ಬಂದ ನಗು ಅಲೆಯಲ್ಲ, ಸಮುದ್ರ. ಯಾರೋ ಸಿಳ್ಳೆ ಹಾಕಿದರು. ಕಿವಿ ಬಿಸಿಯಾಯಿತು. ವಾಪಸು ಹೋಗಿ ಸೀರೆ ಉಟ್ಟುಕೊಳ್ಳಲೇ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ಮೈಕು ಕೇಳಿ ತೆಗೆದುಕೊಂಡೆ. "ನಗಿ ಮಕ್ಕಳೇ, ಎಷ್ಟು ಬೇಕಾದರೂ ನಗಿ. ಆದರೆ ನಕ್ಕವರು ಕೆಳಗೆ ಬಂದು ನನ್ನ ಜೊತೆ ಐದು ಸುತ್ತು ನಡೀಬೇಕು. ಓಡಬಾರದು. ಧೈರ್ಯ ಇದ್ದವರು ಬನ್ನಿ" ಎಂದೆ.

ಧೈರ್ಯ ಎಂಬ ಶಬ್ದ ಕೇಳಿದರೆ ಆ ವಯಸ್ಸಿನ ಹುಡುಗರು ಬಾವಿಗೂ ಹಾರುತ್ತಾರೆ. ಹತ್ತು ಹನ್ನೆರಡು ಮಂದಿ ಇಳಿದು ಬಂದರು. ಮುಂದೆ ಇದ್ದವನೇ ಪ್ರಜ್ವಲ್. ಉದ್ದ ಕಾಲಿನ, ತಲೆಗೂದಲಿಗೆ ಬಣ್ಣ ಹಚ್ಚಿದ ಹುಡುಗ. ನೇತ್ರಾ ನಿಯಮ ಹೇಳಿದಳು. ಅವರು ಅದಕ್ಕೂ ನಕ್ಕರು. ಸೀಟಿ ಕೂಗಿತು.

ಮೊದಲ ಸುತ್ತು ಮುಗಿಯುವುದರೊಳಗೆ ಅರ್ಧ ಜನ ಹೊರಗೆ. ನಾನು ಮುಂದೆ ಹೋದ ಕೂಡಲೇ ಅವರಿಗೆ ತಡೆಯಲಾಗದೆ ಕಾಲು ಓಟಕ್ಕೆ ಹೊರಳುತ್ತಿತ್ತು, ನೇತ್ರಾ ಬ್ಯಾಟು ಎತ್ತುತ್ತಿದ್ದಳು. "ನಾ ಎಲ್ಲಿ ಓಡಿದೆ?" ಎಂದು ಒಬ್ಬ ಜಗಳಕ್ಕೆ ನಿಂತ. "ಎರಡೂ ಪಾದ ಮ್ಯಾಲಿದ್ವು. ಹೊರಗ್ ನಡೀರಿ" ಎಂದಳು ಇವಳು, ಅವನ ಮುಖವನ್ನೇ ನೋಡದೆ. ಈಗ ಮೈದಾನ ನಗುತ್ತಿದ್ದದ್ದು ಹೊರಗೆ ಬಿದ್ದವರನ್ನು ನೋಡಿ. ಎರಡನೆಯ ಸುತ್ತಿನಲ್ಲಿ ಉಳಿದವರಲ್ಲಿ ಕೆಲವರು ಪಕ್ಕೆ ಹಿಡಿದುಕೊಂಡು ಕೂತರು. ಮೂರನೆಯದರ ಕೊನೆಗೆ ನನ್ನ ಹಿಂದೆ ಒಂದೇ ಜೊತೆ ಹೆಜ್ಜೆಯ ಸಪ್ಪಳ ಇತ್ತು. ತಿರುವಿನಲ್ಲಿ ಓರೆಗಣ್ಣಿನಲ್ಲಿ ನೋಡಿದೆ. ಪ್ರಜ್ವಲ್. ನಾಲಿಗೆ ಹೊರಗೆ, ಕಣ್ಣು ನನ್ನ ಹಿಮ್ಮಡಿಯ ಮೇಲೆ, ಸೊಂಟ ಎಡಕ್ಕೂ ಬಲಕ್ಕೂ ಒನೆಯುತ್ತಿದೆ. ತರಗತಿಯಲ್ಲಿ ಅಣಕಿಸಿ ಅಣಕಿಸಿಯೇ ಆ ಹುಡುಗ ನಡಿಗೆ ಕಲಿತುಬಿಟ್ಟಿದ್ದ!

ಆಗ ನಾನು ಮಾಡಬೇಕಾದದ್ದು ಏನು? ಭಲೇ ಹುಡುಗ ಎಂದು ಮನಸ್ಸಿನಲ್ಲೇ ಹರಸಿ, ನನ್ನ ಗತಿಯಲ್ಲಿ ನಡೆಯುವುದು. ಬಂದದ್ದು ಪ್ರಾತ್ಯಕ್ಷಿಕೆಗೆ, ಪದಕಕ್ಕಲ್ಲ. ಆದರೆ ಹಿಂದಿನಿಂದ ಹೆಜ್ಜೆ ಹತ್ತಿರ ಬರುತ್ತಿದ್ದರೆ ಮನುಷ್ಯರಿಗೆ ಬುದ್ಧಿ ಇರುವುದಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಜೋರು ಮಾಡಿದೆ. ಅವನೂ ಮಾಡಿದ. ಕೊನೆಯ ಸುತ್ತಿಗೆ ಇನ್ನೂ ಜೋರು ಮಾಡಿದೆ. ಎಡ ಮೊಣಕಾಲು ಏನೋ ಹೇಳಿತು, ಕೇಳಿಸಿಕೊಳ್ಳಲಿಲ್ಲ. ನೇತ್ರಾ ಹಳದಿ ಎತ್ತಿದಳು. ಪಾಪ, ಹುಡುಗನಿಗೆ ಎಚ್ಚರಿಕೆ ಬಿತ್ತು ಎಂದುಕೊಂಡು ನಾನು ಮುಂದೆ ಹೋದೆ. ಇನ್ನೇನು ಕೊನೆಯ ತಿರುವು ದಾಟಬೇಕು, ನೇತ್ರಾ ಅಡ್ಡ ಓಡಿ ಬಂದು ಗೆರೆಯ ಪಕ್ಕ ಮಂಡಿಯೂರಿದಳು. ನನ್ನ ಕಾಲನ್ನೇ ನೋಡಿದಳು. ಎದ್ದು ನಿಂತಳು. ಕೆಂಪು ಬದಿ ನನ್ನ ಕಡೆಗಿತ್ತು.

ಮೈಕಿನವರು ಹೊಗಳಿಕೆಯ ನಡುವಿನಲ್ಲೇ ನಿಂತರು. ನನಗೆ ಅರ್ಥವಾಗಲಿಲ್ಲ, "ಯಾರಿಗೆ?" ಎಂದೆ. "ನಿಮಗ್ರಿ ಮೇಡಂ. ಎಡಗಾಲು ಬಗ್ಗಾಕತ್ತೈತ್ರಿ" ಎಂದಳು. ಬ್ಯಾಟು ಕೆಳಗಿಳಿಯಲಿಲ್ಲ. ನಾನು ಅವಳನ್ನು ನೋಡಿದ ನೋಟ ನೆನೆದರೆ ಈಗಲೂ ನನಗೇ ಭಯವಾಗುತ್ತದೆ. ಆದರೆ ನಿಯಮ ನಿಯಮವೇ. ಗೆರೆ ದಾಟಿ ಹೊರಗೆ ಬಂದು ನೆಲಕ್ಕೆ ಕೈಯೂರಿ ಕುಸಿದೆ.

ಪ್ರಜ್ವಲ್ ಒಬ್ಬನೇ ಉಳಿದ. ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಓಡಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವನು ಓಡಲಿಲ್ಲ. ಆ ಉದ್ದಕ್ಕೂ, ಹಿಮ್ಮಡಿ ಊರಿ, ಮೊಣಕಾಲು ನೆಟ್ಟಗಿಟ್ಟು, ಸೊಂಟ ಕುಣಿಸಿಕೊಂಡು, ಮುಖ ಕೆಂಪು ಮಾಡಿಕೊಂಡು, ನಿಯಮಬದ್ಧವಾಗಿ ನಡೆದು ಗೆರೆ ಮುಟ್ಟಿದ. ಇಡೀ ಮೈದಾನ ನೋಡುತ್ತಿತ್ತು. ಒಬ್ಬರೂ ನಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅರ್ಧ ದಾರಿಯವರೆಗೆ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ. ಆಮೇಲೆ ತಡೆಯಲಾಗಲಿಲ್ಲ. "ನಿಜವಾಗ್ಲೂ ಬಗ್ಗಿತ್ತಾ?" ಎಂದು ಕೇಳಿದೆ.

"ಬಗ್ಗಿತ್ತು" ಎಂದರು ನಮ್ಮವರು.

"ಎಷ್ಟು?"

"ಆನು ಗಡಿಯಾರ ರಿಪೇರಿ ಮಾಡಂವ. ಮೊಣಕಾಲು ಅಳೆಯ ಸಾಮಾನು ತಗಂಡು ಬಂದಿದ್ನಿಲ್ಲೆ." ಟಿಕೇಟು ಮಡಚಿ ಜೇಬಿಗಿಟ್ಟುಕೊಂಡು, "ಆ ಕೂಸು ಸಮಾ ನೋಡಿದ್ದು ಮಾರಾಯ್ತಿ" ಎಂದರು.

ಎರಡು ದಿನ ನಾನು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಕಲಿಸಿದ್ದು ನಾನು, ಬ್ಯಾಟಿಗೆ ಹಳದಿ ಕಾಗದ ಅಂಟಿಸಿಕೊಟ್ಟದ್ದು ನಾನು, ಪ್ರೀತಿಯಿಂದ ಕಷಾಯ ಕುಡಿಸಿದ್ದು ನಾವು. ಒಂದು ಹತ್ತು ಹೆಜ್ಜೆ ಕಣ್ಣು ಮುಚ್ಚಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಕೇಳಿಕೊಂಡೆ. ಮೂರನೆಯ ದಿನ ಬೆಳಿಗ್ಗೆ, ನೋವಿದ್ದರೂ, ಮತ್ತೆ ರಸ್ತೆಗಿಳಿದೆ. ಈ ಸಲ ಜೋರು ಬಿಟ್ಟು, ಎಡ ಮೊಣಕಾಲು ಒಂದನ್ನೇ ನೋಡಿಕೊಂಡು ನಡೆದೆ. ಬಗ್ಗುತ್ತಿತ್ತು. ಚೆನ್ನಾಗಿಯೇ ಬಗ್ಗುತ್ತಿತ್ತು. ನೆಟ್ಟಗೆ ಮಾಡಿಯೇ ತೀರುತ್ತೇನೆ ಎಂದುಕೊಂಡೆ. ಅಂದೇ ಸಂಜೆ ಪ್ರಜ್ವಲನ ಫೋನು. "ಮೇಡಂ, ಯುನಿವರ್ಸಿಟಿ ಕೂಟದಲ್ಲಿ ನಡಿಗೆ ಇದ್ಯಂತೆ. ಕಲಿಸ್ತೀರಾ?" ಎಂದ. ಮೊದಲು ತಲೆಗೂದಲಿನ ಬಣ್ಣ ತೆಗೆ ಎಂದೆ. ಅದಕ್ಕೂ ನಡಿಗೆಗೂ ಸಂಬಂಧವಿಲ್ಲ. ಸೋತವರಿಗೆ ಅಷ್ಟಾದರೂ ಬೇಡವೇ?

ಭಾನುವಾರ ನೇತ್ರಾ ಬಂದಳು. ಬಾಗಿಲಲ್ಲೇ ನಿಂತಿದ್ದಳು. "ಒಳಗ ಬರ್ಲೇನ್ರಿ?" ಎಂದು ಕೇಳಿದಳು. ಬಾ ಎಂದು ಕುರ್ಚಿ ತೋರಿಸಿದೆ, ನಮ್ಮವರು ಕಷಾಯ ತಂದಿಟ್ಟರು. ಆಮೇಲೆ ಅವಳು ಬರೆದದ್ದನ್ನು ಗಟ್ಟಿಯಾಗಿ ಓದಿದಳು. 'ಶೈಲಜಾ ಮೇಡಂ ಬಡವರಾಗಿರಲಿಲ್ಲ. ಅವರಿಗೆ ಎರಡು ಜೊತೆ ಬೂಟುಗಳಿದ್ದವು' ಎಂದು ಶುರುವಾಗಿತ್ತು. ಐಸ್‌ಕ್ರೀಮ್ ಇತ್ತು. ಅರ್ಧದಲ್ಲಿ ಕೂತ ಹುಡುಗಿಯರಿದ್ದರು. ನಕ್ಕ ಲಾರಿಯವರೂ, ಹೊಟ್ಟೆ ವಿಚಾರಿಸಿದ ಮಹನೀಯರೂ ಇದ್ದರು. ಕೊನೆಗೆ ಕ್ರೀಡಾಕೂಟ ಬಂತು. 'ಅವರ ಎಡ ಮೊಣಕಾಲು ಬಗ್ಗುತ್ತಿತ್ತು. ನಾನು ಕೆಂಪು ತೋರಿಸಿದೆ. ಯಾರದೇ ಪಾದವಾದರೂ ತೋರಿಸಬೇಕು ಎಂದು ಹೇಳಿಕೊಟ್ಟವರು ಅವರೇ' ಎಂದು ಓದುವಾಗ ಅವಳ ಧ್ವನಿ ಸಣ್ಣದಾಯಿತು. ನಾನು ಕಷಾಯದ ಲೋಟ ಎತ್ತಿ ಕುಡಿದೆ. ಕಾಳುಮೆಣಸು ಜಾಸ್ತಿಯಾಗಿತ್ತು. ಮುಂದಿನ ಸಾಲು ಓದಿದಳು: 'ಹೊರಗೆ ಬಂದು ಕೂತ ಮೇಲೆ, ಆ ಹುಡುಗ ಗೆರೆ ಮುಟ್ಟಿದಾಗ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಶೈಲಜಾ ಮೇಡಂ.'

ನಾನು ಚಪ್ಪಾಳೆ ತಟ್ಟಿರಲಿಲ್ಲ. ನೆಲಕ್ಕೆ ಕೈಯೂರಿ ಕೂತಿದ್ದೆನಲ್ಲ, ಅಂಗೈಗೆಲ್ಲ ಗೆರೆಯ ಸುಣ್ಣದ ಪುಡಿ ಮೆತ್ತಿಕೊಂಡಿತ್ತು. ಅದನ್ನು ಸಿಟ್ಟಿನಿಂದ ಕೊಡವಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೈದಾನದ ಆ ತುದಿಗೆ, ಮುಕ್ತಾಯದ ಗೆರೆಯ ಹತ್ತಿರ ಹೋಗಿದ್ದ ನೇತ್ರಾಗೆ ಅದು ಹಾಗೆ ಕಂಡಿರಬೇಕು. ನನ್ನನ್ನು ನೋಡಿ ಅಕ್ಕಪಕ್ಕದವರೂ ತಟ್ಟತೊಡಗಿದ್ದು ನಿಜ.

ನೇತ್ರಾ ಪೆನ್ನು ಹಿಡಿದು ಕೇಳಿದಳು: "ಎಲ್ಲಾ ಇದ್ದಂಗ ಬರ್ದೇನ್ರಿ. ಏನಾರ ತಪ್ಪೈತೇನ್ರಿ ಮೇಡಂ? ತಿದ್ದತೇನಿ."

ನಮ್ಮವರು ನನ್ನ ಮುಖ ನೋಡಿದರು.

"ಎಲ್ಲ ಸರಿಯಾಗೇ ಇದೆ. ಆ ಚಪ್ಪಾಳೆ ಅಂತ ಇದೆಯಲ್ಲ, ಅದರ ಹಿಂದೆ 'ಜೋರಾಗಿ' ಅಂತ ಒಂದು ಶಬ್ದ ಸೇರಿಸು" ಎಂದೆ.